ಕಿವಿಯಕ್ಕನ ಬೂಟಿನ ಫಾರಂ

ಕಿವಿಯಕ್ಕನಿಗೆ ಆ ಹೆಸರು ಬಿದ್ದದ್ದು ಕಿವಿ ದೊಡ್ಡದು ಅಂತಲ್ಲ, ಚಾಡಿಗೆ ಕಿವಿ ಕೊಡುವವಳು ಅಂತಲೂ ಅಲ್ಲ. ಮೂರಡಿ ಮಣ್ಣಿನ ಕೆಳಗೆ ಪೈಪು ಎಲ್ಲಿ ಸೋರುತ್ತಿದೆ ಎಂಬುದನ್ನು ಅವಳು ಮೇಲಿಂದಲೇ ಕೇಳಿ ಹೇಳುತ್ತಿದ್ದಳು. ಊರಿಗೆ ಕುಡಿಯುವ ನೀರು ಬರುತ್ತಿದ್ದದ್ದು ಹದಿನಾಲ್ಕು ಕಿಲೋಮೀಟರ್ ಆಚೆಯ ಬೆಟ್ಟದ ಜಲಾಶಯದಿಂದ. ಅಲ್ಲಿಂದ ಪಂಪ್‌ಹೌಸಿನವರೆಗೆ ಒಂದೇ ದಪ್ಪ ಕಬ್ಬಿಣದ ಪೈಪು, ಅದರ ಪಕ್ಕದಲ್ಲೇ ಒಂದು ಕಾಲುದಾರಿ. ಆ ದಾರಿಯಲ್ಲಿ ದಿನವೂ ನಡೆಯುವುದು, ನೂರು ಹೆಜ್ಜೆಗೊಮ್ಮೆ ಉಕ್ಕಿನ ಸರಳನ್ನು ನೆಲಕ್ಕೆ ಊರುವುದು, ಸರಳಿನ ತಲೆಯ ಮೇಲಿನ ಮರದ ಬಟ್ಟಲಿಗೆ ಕಿವಿ ಹಚ್ಚಿ ಆಲಿಸುವುದು. ಇದು ಅವಳ ನೌಕರಿ. ಸೋರಿಕೆ ಇದ್ದಲ್ಲಿ ಯಾರೋ ದೂರದಲ್ಲಿ ಅಕ್ಕಿ ಜರಡಿ ಹಿಡಿದಂಥ ಸದ್ದು ಕೇಳುತ್ತದೆ. ಹೊಸಬರು ಅದನ್ನು ಗಾಳಿ ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಅವಳು ನಿಂತು ಸುಣ್ಣದ ಗುರುತು ಹಾಕುತ್ತಿದ್ದಳು. ಮರುದಿನ ಅಗೆದವರಿಗೆ ಅಲ್ಲೇ ನೀರು ಸಿಗುತ್ತಿತ್ತು.

ವಯಸ್ಸು ನಲವತ್ತೊಂಬತ್ತು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹೊಸ್ತಿಲ ಹೊರಗೇ ನಿಂತಿತ್ತು. ಆಮೇಲೆ ಯಾರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಹೆತ್ತ ತಾಯಿ ಎಳವೆಯಲ್ಲೇ ತೀರಿಕೊಂಡಿದ್ದಳು. ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಚಿಕ್ಕಮ್ಮ. ಈಗ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಚಿಕ್ಕಮ್ಮನಿಗೆ ಎಪ್ಪತ್ತನಾಲ್ಕು, ಕಿವಿ ಪೂರ್ತಿ ಮಂದ. ಯಂತ್ರ ಹಾಕಿಸೋಣ ಎಂದರೆ, “ಒಂದು ಮನೆಗೆ ಎರಡು ಕಿವಿ ಸಾಕು ಕಣೇ, ಅವು ನಿನ್ನ ಹತ್ರ ಇವೆಯಲ್ಲ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಪೈಪಿನ ದಾರಿ ಎರಡು ಪಾಲಾಗಿತ್ತು. ಮೇಲಿನ ಏಳು ಕಿಲೋಮೀಟರ್ ಕಿವಿಯಕ್ಕನದು: ಹುಲ್ಲಿನ ಇಳಿಜಾರು, ಬೆಳಗಿನ ಇಬ್ಬನಿ, ಯಾವಾಗೆಂದರೆ ಆವಾಗ ಹನಿಯುವ ತುಂತುರು. ಕೆಳಗಿನ ಏಳು ಇನ್ನೊಬ್ಬನದು. ಅಲ್ಲಿ ಏಳು ಹಳ್ಳ ಅಡ್ಡ ಬರುತ್ತಿದ್ದವು. ಪೈಪು ಅಲ್ಲಿ ಮಣ್ಣಿನಿಂದ ಮೇಲೆದ್ದು ಕಂಬಗಳ ಮೇಲೆ ಆರಾಮವಾಗಿ ದಾಟಿ ಹೋಗುತ್ತಿತ್ತು, ಮನುಷ್ಯ ಮಾತ್ರ ನೀರಿಗಿಳಿದೇ ದಾಟಬೇಕಿತ್ತು. ಅವಳನ್ನು ಬೆಳಿಗ್ಗೆ ಇಲಾಖೆಯ ವ್ಯಾನು ಜಲಾಶಯದ ಹತ್ತಿರ ಇಳಿಸುತ್ತಿತ್ತು, ಅವನು ಪಂಪ್‌ಹೌಸಿನಿಂದ ಹೊರಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ನಡುವಿನ ವಾಲ್ವ್ ಕೋಣೆಯಲ್ಲಿ ಸೇರುತ್ತಿದ್ದರು. ಆರಡಿಗೆ ಎಂಟಡಿ ಕಲ್ಲಿನ ಕೋಣೆ, ನಡುವೆ ವಾಲ್ವಿನ ದೊಡ್ಡ ಚಕ್ರ, ಗೋಡೆಗೊಂದು ಹಲಗೆಯ ಬೆಂಚು. ಅರ್ಧ ಗಂಟೆ ಬುತ್ತಿ ಬಿಚ್ಚಿ ಉಂಡು, ಫ್ಲಾಸ್ಕಿನ ಚಹಾ ಕುಡಿದು, ಬಂದ ದಾರಿಯಲ್ಲೇ ವಾಪಸ್. ಇಪ್ಪತ್ತೊಂದು ವರ್ಷ ಹೀಗೇ ನಡೆದಿತ್ತು.

ಅವನಿಗೆ ಪಂಪ್‌ಹೌಸಿನವರು ತಕರಾರಣ್ಣ ಎಂದು ಹೆಸರಿಟ್ಟಿದ್ದರು. ಬಿಸಿಲಿದ್ದರೆ ಮಳೆ ಬರುತ್ತೆ ಅನ್ನುವವನು, ಮಳೆ ಬಂದರೆ ಇದೂ ಒಂದು ಮಳೆಯಾ ಅನ್ನುವವನು. ಕಿವಿಯಕ್ಕನಿಗಿಂತ ಏಳು ವರ್ಷ ದೊಡ್ಡವನು, ಅವಳು ಅಣ್ಣಾ ಎಂದೇ ಕರೆಯುತ್ತಿದ್ದಳು. ಇಬ್ಬರ ನಡುವೆ ಯಾವತ್ತೂ ಮುಗಿಯದ ಒಂದು ವ್ಯಾಜ್ಯವಿತ್ತು: ಬೂಟು. ಇಲಾಖೆಯವರು ಮೂರು ವರ್ಷಕ್ಕೊಮ್ಮೆ ಹೊಸ ಜೊತೆ ಕೊಡುತ್ತಿದ್ದರು, ಎರಡು ಬಗೆಯಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದಕ್ಕೆ ಒಳಗಡೆ ನೀರು ಬಿಡದ ಪದರ ಹೊಲಿದಿರುತ್ತಿತ್ತು, ಇನ್ನೊಂದು ಬರೀ ಚರ್ಮ. ಅವಳದು ಯಾವಾಗಲೂ ಒಳಪದರದ್ದು, ಅವನದು ಯಾವಾಗಲೂ ಬರೀ ಚರ್ಮದ್ದು.

“ಒದ್ದೆ ಆಗೋದು ತಪ್ಪಲ್ಲಮ್ಮಾ, ಒಣಗದೇ ಇರೋದು ತಪ್ಪು” ಎಂದು ಅವನು ಶುರುಮಾಡುತ್ತಿದ್ದ.

“ಒದ್ದೆಯೇ ಆಗದಿದ್ರೆ ಒಣಗಿಸೋ ಮಾತು ಎಲ್ಲಿಂದ ಬಂತು?”

“ಮೇಲಿಂದ ನುಗ್ಗಿದ್ರೆ? ನಿನ್ನ ಪದರ ನೀರನ್ನ ಒಳಗೆ ಬಿಡಲ್ಲ, ಸರಿ. ಒಳಗೆ ಹೋದದ್ದನ್ನ ಹೊರಗೂ ಬಿಡಲ್ಲ. ಅದು ಬೂಟಲ್ಲ, ಬಕೆಟ್ಟು.”

“ನಿಮ್ಮದು ಜರಡಿ.”

“ಜರಡಿ ಒಣಗುತ್ತೆ. ಬಕೆಟ್ಟು ಪಾಚಿ ಕಟ್ಟುತ್ತೆ.”

“ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರೆ. ನಿಮ್ಮ ಮೊಲಕ್ಕೆ ಕಾಲೇ ಇಲ್ಲ ಅಣ್ಣಾ, ಬರೀ ಬೂಟು!”

ಅವನು ಸೋತಂತೆ ಎದ್ದು ಹೋಗುತ್ತಿದ್ದ. ಮರುದಿನ ಬರುವಾಗ ಎಲ್ಲಿಂದಲೋ ಹೊಸ ಉತ್ತರ ಹೊಂದಿಸಿಕೊಂಡು ಬಂದಿರುತ್ತಿದ್ದ. ಹೊಲಿಗೆಯ ತೂತು ಎಷ್ಟು ಹತ್ತಿರ ಇರಬೇಕು, ಮೇಣ ಎಷ್ಟು ಬೆಚ್ಚಗಿರಬೇಕು, ಬೆವರು ಚರ್ಮದಲ್ಲಿ ಹೇಗೆ ಆರುತ್ತದೆ ಎಂದು ವಿವರವಾಗಿ ಹೇಳುತ್ತಿದ್ದ. ಇಷ್ಟೆಲ್ಲ ಇವನಿಗೆ ಹೇಗೆ ಗೊತ್ತು ಎಂದು ಅವಳು ಯಾವತ್ತೂ ಕೇಳಿರಲಿಲ್ಲ.

ಒಂದು ಗುರುವಾರ ಅವನು ವಾಲ್ವ್ ಕೋಣೆಗೆ ಬರಲಿಲ್ಲ. ಅವಳು ಕಾಲು ಗಂಟೆ ಕಾದಳು, ಉಂಡಳು, ಮತ್ತೆ ಕಾಲು ಗಂಟೆ ಕಾದಳು. ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಡಬ್ಬಿ ಮುಚ್ಚಿ ಅವನ ದಾರಿಯಲ್ಲಿ ಇಳಿದು ಹೊರಟಳು. ನಾಲ್ಕು ಹಳ್ಳ ದಾಟಿದ ಮೇಲೆ, ಪಂಪ್‌ಹೌಸಿನ ಕಡೆಯಿಂದ ಮೂರನೆಯದರ ದಂಡೆಯಲ್ಲಿ, ಪೈಪಿಗೆ ಒರಗಿ ಕುಳಿತಿದ್ದ. ಸರಳು ತೊಡೆಯ ಮೇಲೆ ಅಡ್ಡ ಇತ್ತು. ದಣಿವಾರಿಸಿಕೊಳ್ಳಲು ಕೂತವನ ಹಾಗೇ ಇದ್ದ. ಅಣ್ಣಾ ಎಂದಳು, ಭುಜ ಅಲುಗಿಸಿದಳು. ಎದೆಗೆ ಕಿವಿ ಇಟ್ಟು ಎಷ್ಟೋ ಹೊತ್ತು ಆಲಿಸಿದಳು. ಪೈಪಿನೊಳಗೆ ನೀರು ಹೋಗುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು.

ಅಲ್ಲಿಂದ ಪಂಪ್‌ಹೌಸಿಗೆ ಮೂರು ಕಿಲೋಮೀಟರ್. ಓಡಲಿಲ್ಲ, ನಡೆದೇ ಹೋದಳು. ಇಂಜಿನಿಯರಿನ ಮೇಜಿನ ಮುಂದೆ ನಿಂತು, “ಮೂರನೇ ಹಳ್ಳ, ಎಡದಂಡೆ, ಪೈಪಿನ ಪಕ್ಕ” ಎಂದಳು. ಸೋರಿಕೆ ವರದಿ ಮಾಡುವ ಹಾಗೆಯೇ ಹೇಳಿದಳು. ಇಂಜಿನಿಯರು ಪುಸ್ತಕ ತೆಗೆದು ಬರೆದುಕೊಳ್ಳಲು ಶುರುಮಾಡಿ, “ಎಷ್ಟು ದೊಡ್ಡದು?” ಎಂದು ಕೇಳಿದ. ಆಗ ಅವಳು ಸೋರಿಕೆಯಲ್ಲ ಎಂದು ಹೇಳಿ, ಏನೆಂದು ಹೇಳಿದಳು.

ಅಂತ್ಯಕ್ರಿಯೆಗೆ ಹೋಗಿ ಎಲ್ಲರ ಹಿಂದೆ ನಿಂತಳು. ಹೆಂಡತಿಯನ್ನು ನಾಲ್ಕು ಜನ ಹಿಡಿದುಕೊಂಡಿದ್ದರು. ತಮ್ಮಂದಿರ ಬೆನ್ನು ಸವರುವವರಿದ್ದರು. ಯಾರೋ ವಯಸ್ಸಾದವರು ಇವಳ ಕಡೆ ತಿರುಗಿ, “ನೀವು ಅವರಿಗೆ ಏನಾಗಬೇಕು?” ಎಂದರು.

“ಜೊತೆಯವಳು” ಎಂದವಳು, ಅದು ಸರಿಹೋಗಲಿಲ್ಲವೆನ್ನಿಸಿ, “ಕೆಲಸದಲ್ಲಿ” ಎಂದು ಸೇರಿಸಿದಳು.

ಅವರು ಹೌದಾ ಎಂದು ಬೇರೆ ಕಡೆ ನೋಡಿದರು. ಅಣ್ಣನಿಗೆ ತಂಗಿ, ಗಂಡನಿಗೆ ಹೆಂಡತಿ, ಅಪ್ಪನಿಗೆ ಮಗಳು. ಅಳಲಿಕ್ಕೆ ಒಂದು ಸಂಬಂಧದ ಹೆಸರು ಬೇಕು. ದಿನಕ್ಕೆ ಅರ್ಧ ಗಂಟೆ ಎದುರಿಗೆ ಕೂತು ಉಂಡವಳಿಗೆ ಅಂಥದ್ದೊಂದು ಹೆಸರಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಮಲಗಿದಳು. ಮರುದಿನ ಕೆಲಸಕ್ಕೆ ಹೋದಳು. ಅಳು ಬರಲಿಲ್ಲ. ಒಂದು ವಾರ, ಎರಡು ವಾರ ಕಳೆದರೂ ಬರಲಿಲ್ಲ. ಪಂಪ್‌ಹೌಸಿನ ಕೆಲವರು, “ಎಮ್ಮೆ ಮೇಲೆ ಮಳೆ ಸುರಿದ ಹಾಗಿದ್ದಾಳಪ್ಪ” ಎಂದು ಮಾತಾಡಿಕೊಂಡರು. ಆ ಮಾತು ಅವಳ ಕಿವಿಗೂ ಬಿತ್ತು. ನಿಜವೇ ಇರಬೇಕು ಎಂದುಕೊಂಡಳು.

ಹೊಸಬರು ಸಿಗುವ ತನಕ ಎರಡೂ ಪಾಲು ಅವಳದೇ ಆಯಿತು. ಒಂದು ದಿನ ಮೇಲಿನ ದಾರಿ, ಒಂದು ದಿನ ಕೆಳಗಿನದು. “ಆಗುತ್ತೇನಮ್ಮಾ?” ಎಂದು ಇಂಜಿನಿಯರು ಕೇಳಿದಾಗ ಆಗುತ್ತೆ ಸಾರ್ ಎಂದಳು. ಏನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದಳೇನೋ. ಹಳ್ಳ ದಾಟುವಾಗ ನೀರು ಮೊಣಕಾಲಿಗೆ ಬಂದು ಬೂಟಿನ ಬಾಯಿಂದ ಒಳಗೆ ಇಳಿಯುತ್ತಿತ್ತು. ಇಳಿದದ್ದು ಅಲ್ಲೇ ಉಳಿಯುತ್ತಿತ್ತು. ಹೆಜ್ಜೆ ಇಟ್ಟಾಗಲೆಲ್ಲ ಪಚಕ್ ಪಚಕ್ ಎನ್ನುತ್ತಿತ್ತು. ಮರುದಿನ ಮೇಲಿನ ದಾರಿಗೆ ಹೋಗುವಾಗಲೂ ಒಳಗೆ ತೇವ, ಅದರ ಮರುದಿನ ಮತ್ತೆ ಹಳ್ಳ. ಆ ತಿಂಗಳುಗಳಲ್ಲಿ ಅವಳು ಒಂದೇ ಒಂದು ಸೋರಿಕೆಯನ್ನೂ ಹಿಡಿಯಲಿಲ್ಲ. ಸರಳು ಊರುತ್ತಿದ್ದಳು, ಕಿವಿ ಹಚ್ಚುತ್ತಿದ್ದಳು, ಎದ್ದು ಮುಂದೆ ಹೋಗುತ್ತಿದ್ದಳು. ಕೇಳಿಸಿತೋ ಇಲ್ಲವೋ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಆಗುತ್ತಿರಲಿಲ್ಲ.

ಒಂದು ಸಂಜೆ ಮನೆಗೆ ಬಂದು ಕಾಲುಚೀಲ ಬಿಚ್ಚಿ ನಡುಮನೆಯಲ್ಲಿ ಓಡಾಡುತ್ತಿದ್ದಾಗ ಚಿಕ್ಕಮ್ಮ ಕೂಗಿದಳು. “ಏನೇ ಇದು, ನೆಲದ ಮೇಲೆಲ್ಲ ರಕ್ತ!”

ನೋಡಿದರೆ ಎಡ ಹಿಮ್ಮಡಿಯ ಚರ್ಮ ನೆನೆದು ಬಿಳುಚಿ ಕಾಸಿನಗಲ ಕಿತ್ತು ಬಂದಿತ್ತು.

“ನೋವಾಗ್ಲಿಲ್ವೇನೇ?”

“ಗೊತ್ತಾಗ್ಲಿಲ್ಲ.”

“ಏನು?”

“ಗೊತ್ತಾಗ್ಲಿಲ್ಲಾ!” ಎಂದು ಕೂಗಿದಳು. ಚಿಕ್ಕಮ್ಮ ಎದ್ದು ಹಳೆ ಬಟ್ಟೆ ಹರಿದು ಕಟ್ಟಿದಳು.

ಬೂಟಿನ ಫಾರಂ ಬಂದದ್ದು ಆ ವಾರವೇ. ಅಂಗೈ ಅಗಲದ ಕಾಗದ. ಪಾದದ ಅಳತೆಗೊಂದು ಜಾಗ, ಕೆಳಗೆ ಎರಡು ಚೌಕ: ಒಳಪದರ ಉಳ್ಳದ್ದು, ಒಳಪದರ ಇಲ್ಲದ್ದು. ಹಿಂದಿನ ಸಲವೆಲ್ಲ ಸ್ಟೋರಿನ ಗುಮಾಸ್ತ ಕಾಗದ ಚಾಚುವ ಮೊದಲೇ ಅವಳ ಪೆನ್ನು ಮೊದಲನೇ ಚೌಕದ ಮೇಲಿರುತ್ತಿತ್ತು. ಈ ಸಲ ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಬುತ್ತಿಯ ಚೀಲದಲ್ಲಿಟ್ಟುಕೊಂಡಳು. ಒಳಪದರದ್ದು ತೆಗೆದುಕೊಂಡರೆ ಕೆಳಗಿನ ದಾರಿಗೆ ಆಗದು. ಬರೀ ಚರ್ಮದ್ದಾದರೆ ಮೇಲಿನ ಹುಲ್ಲಿನಲ್ಲಿ ಬೆಳಗಿಂದ ಸಂಜೆ ತನಕ ಒದ್ದೆ. ಅತ್ತ ದರಿ, ಇತ್ತ ಪುಲಿ. ಅದರ ಮೇಲೆ, ಬರೀ ಚರ್ಮದ ಚೌಕಕ್ಕೆ ಗೀಟು ಎಳೆದರೆ ಇಪ್ಪತ್ತೊಂದು ವರ್ಷದ ವ್ಯಾಜ್ಯವನ್ನು ಎದುರಾಳಿ ಇಲ್ಲದಾಗ ಬಿಟ್ಟುಕೊಟ್ಟ ಹಾಗೆ. ಎಳೆಯದಿದ್ದರೆ, ಇನ್ನು ಎದುರು ಹೇಳುವವರಿಲ್ಲ ಎಂದು ಗೆದ್ದುಕೊಂಡ ಹಾಗೆ. ಇದೆಲ್ಲ ಅವಳು ಹೀಗೆ ಕೂತು ಯೋಚಿಸಿದ್ದಲ್ಲ. ಕಾಗದ ತೆಗೆದು ನೋಡುವಳು, ಮತ್ತೆ ಮಡಿಸಿ ಇಡುವಳು, ಅಷ್ಟೇ. ಮಡಿಕೆಗಳು ಸವೆದು ಹರಿಯುವಂತಾದವು.

“ಚಿಕ್ಕಮ್ಮಾ, ಯಾವ ಬೂಟು ತಗೊಳ್ಳಲಿ?” ಎಂದು ಒಂದು ಬೆಳಿಗ್ಗೆ ಕೇಳಿಯೂ ಕೇಳಿದಳು.

“ಯಾವ ಊಟ ಆದ್ರೇನೇ, ಬಿಸಿಯಾಗಿದ್ರೆ ಸಾಕು” ಎಂದಳು ಚಿಕ್ಕಮ್ಮ.

ಮೂರು ವಾರವಾದ ಮೇಲೆ ಗುಮಾಸ್ತನ ತಾಳ್ಮೆ ತಪ್ಪಿತು. “ಅಕ್ಕಾ, ಎಲ್ಲರದ್ದೂ ಬಂತು, ನಿಮ್ಮದೊಂದೇ ಬಾಕಿ. ಗೀಟು ಎಳೆಯಕ್ಕೆ ಮುಹೂರ್ತ ನೋಡ್ತಿದ್ದೀರಾ? ಬನ್ನಿ, ಹಾಕ್ಕೊಂಡೇ ನೋಡಿ.” ಕಪಾಟಿನಿಂದ ಎರಡು ಮಾದರಿ ಜೊತೆ ಇಳಿಸಿ ಅವಳ ಮುಂದಿಟ್ಟ. ಅವಳು ಎಡಗಾಲಿಗೆ ಒಳಪದರದ್ದು, ಬಲಗಾಲಿಗೆ ಬರೀ ಚರ್ಮದ್ದು ಹಾಕಿಕೊಂಡಳು. ನಟ್ಟು ಬೋಲ್ಟಿನ ಡಬ್ಬಗಳು, ರಬ್ಬರಿನ ಉಂಗುರಗಳ ಸರ, ಬಣ್ಣದ ಡ್ರಮ್ಮುಗಳ ನಡುವೆ ಆ ಗೋಡೆಯಿಂದ ಈ ಗೋಡೆಗೆ ನಾಲ್ಕು ಸಲ ನಡೆದಳು.

“ಹೇಗಿದೆ?”

“ಎರಡೂ ಒಂದೇ ಥರ ಇದೆ.”

“ಒಂದೇ ಥರವಾ? ಹೋದ ಸಲ ಇದೇ ಜಾಗದಲ್ಲಿ ನೀವೂ ತಕರಾರಣ್ಣನೂ ಅರ್ಧ ದಿನ ನನ್ನ ತಲೆ ತಿಂದಿದ್ರಿ” ಎಂದ ಗುಮಾಸ್ತ, ಹೇಳಬಾರದ್ದು ಹೇಳಿದೆನೆಂದು ನಾಲಿಗೆ ಕಚ್ಚಿಕೊಂಡ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಸಣ್ಣ ಹೆಂಗಸು ಬಂದು ನಿಂತಳು. ಕೈಯಲ್ಲಿ ಉಕ್ಕಿನ ಸರಳು, ಇನ್ನೊಂದು ಕೈಯಲ್ಲಿ ಗೋಣಿಚೀಲ. ತಕರಾರಣ್ಣನ ಹೆಂಡತಿ. ಇಲಾಖೆಯ ಸಾಮಾನು ವಾಪಸ್ ಕೊಡಿ ಎಂದು ಚೀಟಿ ಹೋಗಿತ್ತಂತೆ. ಸರಳು, ಬ್ಯಾಟರಿ, ಮಳೆಕೋಟು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಕೊನೆಗೆ ಬೂಟು ತೆಗೆದಳು. ಗುಮಾಸ್ತ, “ಬಳಸಿದ ಬೂಟು ಬೇಡಮ್ಮ, ನೀವೇ ಇಟ್ಕೊಳ್ಳಿ” ಎಂದ. ಅವಳು ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕಿವಿಯಕ್ಕನ ಕಾಲುಗಳ ಕಡೆ ನೋಡಿದಳು.

“ನೀವೇನಾ ಮೇಲಿನ ದಾರಿಯವರು?”

“ಹೌದು ಅತ್ತಿಗೆ.” ಇಪ್ಪತ್ತೊಂದು ವರ್ಷದಲ್ಲಿ ಇಬ್ಬರೂ ಮಾತಾಡಿದ್ದು ಅದೇ ಮೊದಲು.

ಆ ಹೆಂಗಸು ಕೇಳದೆಯೇ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಬಲಗಾಲಿನ ಬೂಟಿನ ಮೂತಿ ಒತ್ತಿದಳು, ಹೊಲಿಗೆಯ ಮೇಲೆ ಉಗುರು ಎಳೆದಳು, ಲೇಸಿನ ಕೆಳಗಿನ ಚರ್ಮದ ನಾಲಿಗೆಯನ್ನು ಮಡಚಿ ಮೂಸಿದಳು. “ಚರ್ಮ ಪರವಾಗಿಲ್ಲ. ಹೊಲಿಗೆ ಅವಸರದ್ದು. ಮೇಣ ಚೆನ್ನಾಗಿ ಕುಡಿಸಿದ್ರೆ ತಡೆಯುತ್ತೆ.” ತಲೆಯೆತ್ತಿ ಹೇಳಿದಳು, “ನಮ್ಮಪ್ಪ ಬೂಟು ಹೊಲಿಯೋರು. ಮದುವೆ ಆಗೋ ತನಕ ನಾನೂ ಹೊಲಿದಿದ್ದೀನಿ.” ಎಡಗಾಲಿನದನ್ನು ಸುಮ್ಮನೆ ಮುಟ್ಟಿ, “ಇದು ಒಳ್ಳೇದೇ. ಆದ್ರೆ ಒದ್ದೆ ಆಗೋದು ತಪ್ಪಲ್ಲ, ಒಣಗದೇ ಇರೋದು...”

“ತಪ್ಪು” ಎಂದಳು ಕಿವಿಯಕ್ಕ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಅದು ನಿಮ್ಮ ಮಾತಾ?” ಎಂದು ಕಿವಿಯಕ್ಕನೇ ಕೇಳಿದಳು.

“ನಮ್ಮಪ್ಪಂದು. ನಾನು ಇವರಿಗೆ ಹೇಳಿಕೊಟ್ಟೆ. ಸಂಜೆ ಬಂದೋರೇ, ಇವತ್ತು ಅವಳು ಹೀಗಂದ್ಲು ಕಣೇ, ನಾಳೆ ಇದಕ್ಕೇನು ಹೇಳ್ಲಿ ಅಂತ ಕೇಳೋರು. ನಾನು ಅಡುಗೆ ಮಾಡ್ತಾ ಹೇಳೋಳು, ಅವರು ಎರಡೆರಡು ಸಲ ಹೇಳಿಸ್ಕೊಂಡು ಬಾಯಿಪಾಠ ಮಾಡೋರು. ಅವರಿಗೆ ಬೂಟಿನ ತಲೆಬುಡ ಏನೂ ತಿಳೀತಿರ್ಲಿಲ್ಲ. ಲೇಸು ಕೂಡ ನೆಟ್ಟಗೆ ಕಟ್ತಿರ್ಲಿಲ್ಲ. ಮೇಣ ಹಚ್ತಿದ್ದದ್ದೂ ನಾನೇ.”

“ಹಾಗಾದ್ರೆ ಇಷ್ಟು ವರ್ಷ ನಾನು ಜಗಳ ಆಡಿದ್ದು ನಿಮ್ಮ ಜೊತೆನಾ?”

“ಹಾಗೇ ಆಯ್ತಲ್ಲ.” ಅವಳು ನಗಲಿಲ್ಲ. “ಅದೂ ಪೂರ್ತಿ ಜಗಳ ಅಲ್ಲ. ಮೇಲಿನ ದಾರಿ ಹುಲ್ಲು, ಅವಳಿಗೆ ಒಳಪದರದ್ದೇ ಸರಿ ಅಂತ ಎಷ್ಟು ಸಲ ಹೇಳಿ ಕಳಿಸಿದ್ದೀನಿ. ಹೇಳಲಿಲ್ವಾ?”

“ಇಲ್ಲ.”

“ಹೇಳಿಬಿಟ್ಟಿದ್ರೆ ಮಾರನೇ ದಿನ ಮಾತಾಡಕ್ಕೆ ಏನಿರ್ತಿತ್ತು, ಪಾಪ.”

ಗುಮಾಸ್ತ ಮುಖ ತಿರುಗಿಸಿಕೊಂಡು ಡಬ್ಬಗಳನ್ನು ಎಣಿಸುತ್ತಿದ್ದ. ಕಿವಿಯಕ್ಕ ಎರಡು ಬೇರೆ ಬೇರೆ ಬೂಟುಗಳಲ್ಲಿ ಹಾಗೇ ನಿಂತಿದ್ದಳು. ಆಶ್ಚರ್ಯವಾಗಬೇಕಿತ್ತು, ನಗು ಬರಬೇಕಿತ್ತು, ಏನಾದರೂ ಆಗಬೇಕಿತ್ತು. ಎದೆಯ ಜಾಗದಲ್ಲಿ ಹತ್ತಿ ತುರುಕಿದಂತಿತ್ತು.

ಹೊರಗೆ ಬಂದಾಗ ಅತ್ತಿಗೆ ನಿಂತು ಕೇಳಿದಳು. “ಅವರು ಕೂತಿದ್ದ ಜಾಗ ತೋರಿಸ್ತೀರಾ? ಯಾರನ್ನ ಕೇಳಿದ್ರೂ ನಿಮಗ್ಯಾಕಮ್ಮ, ಹಳ್ಳ ದಾಟಬೇಕು ಅಂತಾರೆ.”

ಭಾನುವಾರ ಬೆಳಿಗ್ಗೆ ಇಬ್ಬರೂ ಪಂಪ್‌ಹೌಸಿನಿಂದ ಹೊರಟರು. ಅತ್ತಿಗೆ ಗಂಡನ ಬೂಟುಗಳನ್ನೇ ಹಾಕಿಕೊಂಡು ಬಂದಿದ್ದಳು. ತುದಿಗೆ ಬಟ್ಟೆ ತುರುಕಿ, ಎರಡು ಜೊತೆ ಕಾಲುಚೀಲ ಏರಿಸಿದ್ದಳು. ಮೊದಲನೆಯ ಹಳ್ಳ ಬಂದಾಗ ಕಿವಿಯಕ್ಕ ಅಭ್ಯಾಸದಂತೆ ಕಲ್ಲಿಂದ ಕಲ್ಲಿಗೆ ಕಾಲು ಚಾಚಿದಳು, ಎರಡನೇ ಕಲ್ಲಿಗೇ ಜಾರಿ ಮೊಣಕಾಲಿನ ತನಕ ಇಳಿದಳು. ಅತ್ತಿಗೆ ಕಲ್ಲುಗಳ ಕಡೆ ನೋಡಲೂ ಇಲ್ಲ, ಸೀದಾ ನೀರಿನಲ್ಲೇ ನಡೆದು ಆಚೆ ಹತ್ತಿದಳು. ದಾರಿಯುದ್ದಕ್ಕೂ ಹೆಚ್ಚು ಮಾತಿರಲಿಲ್ಲ. ಪೈಪು ಮಣ್ಣಿನಿಂದ ಮೇಲೆದ್ದಲ್ಲೆಲ್ಲ ಅದರ ಮೇಲೆ ಬಣ್ಣದಲ್ಲಿ ಬರೆದ ಅಂಕಿಗಳನ್ನು ಅತ್ತಿಗೆ ಓದಿಕೊಂಡು ಬರುತ್ತಿದ್ದಳು.

ಮೂರನೇ ಹಳ್ಳ ದಾಟಿದ ಮೇಲೆ ಕಿವಿಯಕ್ಕ ನಿಂತಳು. “ಇಲ್ಲೇ.”

ಅತ್ತಿಗೆ ಪೈಪಿಗೆ ಬೆನ್ನು ಕೊಟ್ಟು ಕೂತಳು. “ಹೀಗಾ?”

“ಇನ್ನು ಸ್ವಲ್ಪ ಎಡಕ್ಕೆ.”

ಎಡಕ್ಕೆ ಸರಿದಳು. “ಕಾಲು?”

“ಒಂದು ಚಾಚಿದ್ರು. ಒಂದು ಮಡಚಿದ್ರು.”

ಅತ್ತಿಗೆ ಹಾಗೇ ಮಾಡಿದಳು. ಅಲ್ಲಿಂದ ಹಳ್ಳ, ಹಳ್ಳದ ಆಚೆ ಒಂದು ಒಣಮರ, ಅದರಾಚೆ ಆಕಾಶ ಕಾಣುತ್ತಿತ್ತು. ಅಷ್ಟೇ ನೋಡುತ್ತ ಕೂತಿದ್ದಳು. ಆಮೇಲೆ ಅತ್ತಳು, ಜೋರಾಗಿಯೇ, ಮೂಗು ಸೋರುವ ಹಾಗೆ. ಸೆರಗಿನಿಂದ ಒರೆಸಿಕೊಂಡಳು. ಕಿವಿಯಕ್ಕ ಪಕ್ಕದಲ್ಲಿ ನಿಂತು ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿಕೊಂಡಿದ್ದಳು.

“ನನಗೆ ಅಳು ಬರ್ತಾ ಇಲ್ಲ ಅತ್ತಿಗೆ” ಎಂದಳು. ತಪ್ಪು ಒಪ್ಪಿಕೊಳ್ಳುವವಳ ದನಿ. “ಐದು ತಿಂಗಳಾಯ್ತು. ಏನೂ ಬರ್ತಾ ಇಲ್ಲ.”

“ಬರದಿದ್ರೆ ಬಿಡು. ಅದೇನು ಬಸ್ಸಾ, ಕಾದು ನಿಲ್ಲಕ್ಕೆ?” ಅತ್ತಿಗೆ ಅವಳ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿದಳು. “ಬೂಟು ಬಿಚ್ಚು.”

ಕಿವಿಯಕ್ಕ ಬಿಚ್ಚಿದಳು. ಅತ್ತಿಗೆ ಎಡಗಾಲಿನದನ್ನು ಬೋರಲು ಹಾಕಿದಾಗ ಚೆಂಬಿನಿಂದ ಬಗ್ಗಿಸಿದಂತೆ ನೀರು ಬಿತ್ತು. ಒಳಗೆ ಕೈ ಹಾಕಿ ಸವರಿ, ಮೂಸಿ, ಮುಖ ಹಿಂಡಿದಳು. ಹಿಮ್ಮಡಿಗೆ ಕಟ್ಟಿದ್ದ ಬಟ್ಟೆ ನೋಡಿದಳು. “ಇದನ್ನ ಹಾಕ್ಕೊಂಡು ದಿನ ಬಿಟ್ಟು ದಿನ ಏಳು ಹಳ್ಳ ದಾಟ್ತಿದ್ದೀಯಾ? ಚಪ್ಪಲಿ ಎಲ್ಲಿ ಕಚ್ಚುತ್ತೆ ಅಂತ ಹಾಕ್ಕೊಂಡೋರಿಗೆ ಗೊತ್ತಿರುತ್ತೆ ಅಂತಾರೆ. ನಿನಗೆ ಅದೂ ಗೊತ್ತಾಗ್ತಿಲ್ವಲ್ಲೇ!”

“ಯಾವುದು ತಗೊಳ್ಳಲಿ ಹೇಳಿ ಅತ್ತಿಗೆ.”

“ಮೇಲಿನ ದಾರಿ ಒಂದೇ ಆಗಿದ್ರೆ ಒಳಪದರದ್ದು. ಕೆಳಗಿಂದು ಒಂದೇ ಆಗಿದ್ರೆ ಬರೀ ಚರ್ಮದ್ದು, ಹೇಗಿದ್ರೂ ನೀರು ನುಗ್ಗುತ್ತೆ, ನುಗ್ಗಿದ್ದು ಆರಲಿ ಅಂತ. ಎರಡಕ್ಕೂ ಒಂದೇ ಜೊತೆ ಅಂದ್ರೆ ನಾನಾಗಿದ್ರೆ ಬರೀ ಚರ್ಮ. ಹುಲ್ಲಲ್ಲಿ ಒದ್ದೆ ಆಗುತ್ತೆ. ಆಗಲಿ. ರಾತ್ರಿ ಕಳೆಯೋದ್ರೊಳಗೆ ಒಣಗುತ್ತೆ.” ಬೂಟನ್ನು ವಾಪಸ್ ಕೊಡುತ್ತ ಹೇಳಿದಳು, “ಆದ್ರೆ ನಡೆಯೋಳು ನೀನು. ಅವರು ಹೇಳಿದ್ರು ಅಂತ ಬೇಡ, ನಾನು ಹೇಳಿದೆ ಅಂತಲೂ ಬೇಡ.”

ಸೋಮವಾರ ಕಿವಿಯಕ್ಕ ಸ್ಟೋರಿಗೆ ಹೋಗಿ, ಹರಿದ ಫಾರಂ ಬಿಡಿಸಿ, ಎರಡನೇ ಚೌಕದಲ್ಲಿ ಗೀಟು ಎಳೆದಳು. ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಗುಮಾಸ್ತ ಮಾತ್ರ, “ಅಂತೂ!” ಎಂದು ಮುದ್ರೆ ಒತ್ತಿದ.

ಹೊಸ ಬೂಟು ಮೊದಲ ಒಂದು ತಿಂಗಳು ಹಲಗೆಯ ಹಾಗಿತ್ತು. ಬೆರಳ ಗಿಣ್ಣು, ಹರಡು, ಹಳೆ ಗಾಯದ ಹಿಮ್ಮಡಿ ಎಲ್ಲ ಕಚ್ಚಿತು. ಅತ್ತಿಗೆ ಮೂರು ಭಾನುವಾರ ಮನೆಗೇ ಬಂದಳು. ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಬೆರಳಿನಿಂದಲೇ ಹೊಲಿಗೆ ಹೊಲಿಗೆಗೂ ಉಜ್ಜುವುದನ್ನು ತೋರಿಸಿದಳು. ಒಲೆಯ ಹತ್ತಿರ ಒಣಗಿಸಬಾರದು, ಚರ್ಮ ಸಿಡಿಯುತ್ತದೆ. ಹಳೆ ಪೇಪರ್ ಉಂಡೆ ಮಾಡಿ ತುಂಬಬೇಕು, ಮಲಗುವ ಮುಂಚೆ ಒಮ್ಮೆ ಬದಲಿಸಬೇಕು. ಚಿಕ್ಕಮ್ಮ ಮೂಗು ಮುಚ್ಚಿಕೊಂಡು, “ಮನೆಯೊಳಗೆ ಎತ್ತು ತಂದು ಕಟ್ಟಿದ ಹಾಗಿದೆ ಕಣೇ” ಎಂದಳು. ಅತ್ತಿಗೆ ಅವಳ ಕಿವಿಯ ಹತ್ತಿರ ಬಗ್ಗಿ, “ಹಾಲು ಕೊಡಲ್ಲ ಅಷ್ಟೇ ಚಿಕ್ಕಮ್ಮಾ!” ಎಂದು ಕೂಗಿದಳು. ಚಿಕ್ಕಮ್ಮ ಬಹಳ ಹೊತ್ತು ನಕ್ಕಳು. ಎತ್ತು ಹಾಲು ಕೊಡುವುದೆಲ್ಲಿಂದ ಎಂದು ಆಮೇಲೆ ಹೊಳೆದು ಇನ್ನೊಂದು ಸುತ್ತು ನಕ್ಕಳು. ನಾಲ್ಕನೇ ಭಾನುವಾರ ಅತ್ತಿಗೆ ಬರಲಿಲ್ಲ. ತನ್ನ ಅಕ್ಕನ ಊರಿನಲ್ಲಿ ಚೀಲ ಹೊಲಿಯುವ ಕೆಲಸ ಸಿಕ್ಕಿ ಹೊರಟುಹೋಗಿದ್ದಳು. ಒಂದು ಡಬ್ಬಿ ಮೇಣ ಕೊಟ್ಟು ಹೋಗಿದ್ದಳು.

ಬೂಟು ಪಳಗಿತು. ಮೇಲಿನ ಹುಲ್ಲಿನಲ್ಲಿ ಹತ್ತು ಗಂಟೆಯೊಳಗೆ ಬೆರಳುಗಳಿಗೆ ತಣ್ಣನೆ ತೇವ ಹತ್ತುತ್ತಿತ್ತು, ಒಳಪದರದ್ದರಲ್ಲಿ ಹಾಗಾಗುತ್ತಿರಲಿಲ್ಲ. ಅದನ್ನು ಸಹಿಸಬೇಕಿತ್ತು, ಸಹಿಸಿದಳು. ಬೆಳಿಗ್ಗೆ ಪೇಪರ್ ಉಂಡೆ ಹೊರತೆಗೆದಾಗ ಒಳಗೆ ಒಣಗಿರುತ್ತಿತ್ತು. ಅವನು ತೀರಿಕೊಂಡ ಏಳನೇ ತಿಂಗಳಲ್ಲಿ ಹನ್ನೊಂದನೇ ಕಿಲೋಮೀಟರ್ ಹತ್ತಿರ ಒಂದು ಸಣ್ಣ ಸೋರಿಕೆ ಹಿಡಿದಳು. ಸುಣ್ಣ ಹಾಕಿ ಮುಂದೆ ಹೋದಳು. ಖುಷಿಯೇನೂ ಆಗಲಿಲ್ಲ. ಆದರೆ ಮರುದಿನ ಎದ್ದಾಗ ಹಿಂದಿನ ದಿನ ಏನೇನಾಯಿತು ಎಂಬುದು ನೆನಪಿತ್ತು. ಅಲ್ಲಿಯ ತನಕ ಆ ತಿಂಗಳುಗಳಲ್ಲಿ ಹಾಗೆ ನೆನಪಿರುತ್ತಿರಲಿಲ್ಲ.

ಎಂಟನೇ ತಿಂಗಳಲ್ಲಿ ಹೊಸಬ ಬಂದ. ಹನ್ನೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವನು, ನಿಂತು ನಿಂತು ಸಾಕಾಗಿದೆ, ನಡೆಯೋಣ ಎಂದು ಬಂದೆ ಎಂದು ಎಲ್ಲರಿಗೂ ಹೇಳಿಕೊಂಡ. ಇಂಜಿನಿಯರು ಇಬ್ಬರನ್ನೂ ಕೂರಿಸಿ, “ಅಕ್ಕಾ, ನಿಮ್ಮ ಹಳೇ ಪಾಲು ನಿಮಗೇ ಬಿಡ್ತೀನಿ. ಇವರು ಕೆಳಗೆ ನೋಡ್ಕೊಳ್ಳಲಿ” ಎಂದ.

ಕಿವಿಯಕ್ಕ ಆಗಲಿ ಸಾರ್ ಎನ್ನಲು ಬಾಯಿ ತೆರೆದಳು. “ಕೆಳಗಿಂದು ನನಗಿರಲಿ ಸಾರ್” ಎಂಬುದು ಹೊರಬಂತು.

“ಏಳು ಹಳ್ಳ ಇದೆಯಲ್ಲಮ್ಮ.”

“ಇದೆ.”

“ಯಾಕೆ?”

ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. “ಬೂಟು ಆ ದಾರಿಗೆ ಹೊಂದಿಕೊಂಡಿದೆ” ಎಂದಳು. ಇಂಜಿನಿಯರು ಅದನ್ನೇ ಕಾರಣ ಎಂದು ಬರೆದುಕೊಂಡ.

ಮಾರನೇ ದಿನ ಪಂಪ್‌ಹೌಸಿನಿಂದ ಹೊರಟಳು. ರಾತ್ರಿ ಬೆಟ್ಟದಲ್ಲಿ ಮಳೆಯಾಗಿ ಹಳ್ಳಗಳು ಏರಿದ್ದವು. ಎರಡನೆಯದರಲ್ಲಿ ನೀರು ತೊಡೆಯ ತನಕ ಬಂತು. ಸರಳು ಊರಿಕೊಂಡು ನಿಧಾನ ದಾಟಿ, ಆಚೆ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದಳು. ನೀರು ಬಗ್ಗಿಸಿದಳು, ಕಾಲುಚೀಲ ಹಿಂಡಿ ಮತ್ತೆ ಹಾಕಿಕೊಂಡಳು. ಲೇಸು ಕಟ್ಟಲು ಬೆರಳುಗಳು ಚಳಿಗೆ ಮಾತು ಕೇಳದೆ ಸ್ವಲ್ಪ ಹೊತ್ತು ಹಿಡಿಯಿತು. ಮಧ್ಯಾಹ್ನದೊಳಗೆ ಇನ್ನೂ ಐದು ದಾಟಬೇಕಿತ್ತು. ಎದ್ದಳು, ನೂರು ಹೆಜ್ಜೆ ಎಣಿಸಿದಳು, ಸರಳು ಊರಿ ಕಿವಿ ಹಚ್ಚಿದಳು.